ಮೂರರಲ್ಲಿ ಒಂದು ಕೆಟ್ಟಾಗ: ಟಪಾಲು ವಿಮಾನವೊಂದರ ಕೊನೆಯ 80 ಸೆಕೆಂಡುಗಳು

2016ರ ಜನವರಿ 7ರ ರಾತ್ರಿ ನಾರ್ವೆಯ ಓಸ್ಲೋದಿಂದ ನಾಲ್ಕೂವರೆ ಟನ್ ಟಪಾಲು ತುಂಬಿಕೊಂಡು ಹೊರಟ ಪುಟ್ಟ ಜೆಟ್ ವಿಮಾನವೊಂದು ಉತ್ತರದ ಟ್ರೊಮ್ಸೊ ನಗರ ಸೇರಬೇಕಿತ್ತು. ನಡುರಾತ್ರಿ ಕಳೆದು ಇಪ್ಪತ್ತು ನಿಮಿಷಕ್ಕೆ ಅದು ಸ್ವೀಡನ್ನಿನ ಉತ್ತರದ ಬೆಟ್ಟಗಳ ನಡುವೆ, ಅಕ್ಕಾಯೌರೆ ಸರೋವರದ ಸಮೀಪದ ಹಿಮದ ಕಣಿವೆಗೆ ಅಪ್ಪಳಿಸಿತು. ಒಳಗಿದ್ದವರು ಇಬ್ಬರೇ, ಕ್ಯಾಪ್ಟನ್ ಮತ್ತು ಸಹ ಪೈಲಟ್. ಇಬ್ಬರೂ ಉಳಿಯಲಿಲ್ಲ. ಹತ್ತು ಕಿಲೋಮೀಟರ್ ಎತ್ತರದಲ್ಲಿ ನೆಟ್ಟಗೆ ಹಾರುತ್ತಿದ್ದ ವಿಮಾನ ನೆಲ ಸೇರಲು ತೆಗೆದುಕೊಂಡದ್ದು ಒಂದು ನಿಮಿಷ ಇಪ್ಪತ್ತು ಸೆಕೆಂಡು.

ಎಂಜಿನ್ ಕೆಟ್ಟಿರಲಿಲ್ಲ. ರೆಕ್ಕೆ ಮುರಿದಿರಲಿಲ್ಲ. ಬೆಂಕಿ ಹತ್ತಿರಲಿಲ್ಲ. ಬಿರುಗಾಳಿಯೂ ಇರಲಿಲ್ಲ. ಕೆಟ್ಟಿದ್ದು ಒಂದು ಪೆಟ್ಟಿಗೆ ಮಾತ್ರ. ಅದೇ ಕೆಲಸ ಮಾಡುವ ಇನ್ನೂ ಎರಡು ಉಪಕರಣಗಳು ಅದೇ ಕಾಕ್‌ಪಿಟ್‌ನಲ್ಲಿ ಕೊನೆಯವರೆಗೂ ಸತ್ಯವನ್ನೇ ತೋರಿಸುತ್ತಿದ್ದವು. ಹಾಗಿದ್ದೂ ವಿಮಾನ ಉಳಿಯಲಿಲ್ಲವೇಕೆ ಎಂಬುದು ಈ ಬರಹದ ವಿಷಯ. ಪೈಲಟ್‌ಗಳ ಹೆಸರಾಗಲಿ ವಿಮಾನ ನಡೆಸುತ್ತಿದ್ದ ಕಂಪನಿಯ ಹೆಸರಾಗಲಿ ಇಲ್ಲಿಲ್ಲ. ಕಲಿಯುವುದಕ್ಕೆ ಅವು ಬೇಕಾಗಿಯೂ ಇಲ್ಲ.

ಹಿನ್ನೆಲೆ

ಟಪಾಲು ವಿಮಾನಗಳ ಬದುಕು ಬಹುಮಟ್ಟಿಗೆ ರಾತ್ರಿಯದ್ದು. ಸಂಜೆ ಸಂಗ್ರಹಿಸಿದ ಪತ್ರ, ಪಾರ್ಸೆಲ್ ಬೆಳಗಾಗುವುದರೊಳಗೆ ಇನ್ನೊಂದು ತುದಿ ಸೇರಬೇಕು. ನಾರ್ವೆ ಉದ್ದಕ್ಕೆ ಚಾಚಿಕೊಂಡು ಬಾಗಿರುವ ದೇಶವಾದ್ದರಿಂದ ಓಸ್ಲೋದಿಂದ ಟ್ರೊಮ್ಸೊಗೆ ನೇರ ಹಾರಿದರೆ ನಡುವೆ ಸ್ವೀಡನ್ನಿನ ಬೆಟ್ಟಗಳ ಮೇಲೆ ಹಾಯಬೇಕಾಗುತ್ತದೆ.

ವಿಮಾನ ಬೊಂಬಾರ್ಡಿಯರ್ ಕಂಪನಿಯ ಸಿಆರ್‌ಜೆ 200. 1993ರಲ್ಲಿ ತಯಾರಾಗಿ, ಮೊದಲು ಪ್ರಯಾಣಿಕರನ್ನು ಹೊತ್ತು, ಆಮೇಲೆ ಸೀಟು ಕಳಚಿಸಿಕೊಂಡು ಸರಕಿನ ವಿಮಾನವಾದದ್ದು. ಪೈಲಟ್‌ಗಳಿಬ್ಬರಿಗೂ ಮೂರು ಸಾವಿರ ಗಂಟೆ ಮೀರಿದ ಹಾರಾಟದ ಅನುಭವವಿತ್ತು. ಇದೇ ಮಾದರಿಯ ವಿಮಾನದಲ್ಲಿ ಕ್ಯಾಪ್ಟನ್ ಎರಡು ಸಾವಿರ ಗಂಟೆಗೂ ಹೆಚ್ಚು, ಸಹ ಪೈಲಟ್ ಸಾವಿರ ಗಂಟೆಗೂ ಹೆಚ್ಚು ಹಾರಿದ್ದರು. ಹೊಸಬರ ಕೈಗೆ ವಿಮಾನ ಕೊಟ್ಟಿದ್ದರು ಎಂಬ ಸುಲಭದ ವಿವರಣೆ ಇಲ್ಲಿ ನಡೆಯುವುದಿಲ್ಲ.

ಆ ರಾತ್ರಿ ಮೋಡವಿರಲಿಲ್ಲ, ಗಾಳಿಯ ಕುಲುಕಾಟವಿರಲಿಲ್ಲ, ಚಂದ್ರನೂ ಇರಲಿಲ್ಲ. ಜನವರಿಯಲ್ಲಿ ಅಷ್ಟು ಉತ್ತರದಲ್ಲಿ ಕೆಳಗೆ ಊರಿನ ದೀಪಗಳೂ ಅಪರೂಪ. ಕಿಟಕಿಯಾಚೆ ಕಪ್ಪು ಬಿಟ್ಟರೆ ಬೇರೇನೂ ಇಲ್ಲದ ಇಂಥ ಹಾರಾಟದಲ್ಲಿ ವಿಮಾನದ ಮೂಗು ಮೇಲಿದೆಯೋ ಕೆಳಗಿದೆಯೋ, ಯಾವ ಪಕ್ಕಕ್ಕೆ ವಾಲಿದೆ ಎಂಬುದನ್ನು ಉಪಕರಣ ಹೇಳಬೇಕು. ಮನುಷ್ಯನ ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಅದನ್ನು ಹೇಳುವ ಶಕ್ತಿಯಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅದು ಮೋಸಹೋಗುತ್ತದೆ.

ಆ ಉಪಕರಣವೇ ಕೃತಕ ದಿಗಂತ. ಪರದೆಯ ಮೇಲರ್ಧ ನೀಲಿ, ಅದು ಆಕಾಶ. ಕೆಳಗಿನರ್ಧ ಕಂದು, ಅದು ನೆಲ. ಎರಡೂ ಕೂಡುವ ಗೆರೆಯೇ ದಿಗಂತ. ಮೂಗು ಎತ್ತಿದರೆ ನೀಲಿ ಹೆಚ್ಚುತ್ತದೆ, ತಗ್ಗಿಸಿದರೆ ಕಂದು ಹೆಚ್ಚುತ್ತದೆ. ಈ ವಿಮಾನದಲ್ಲಿ ಅಂಥವು ಮೂರಿದ್ದವು: ಕ್ಯಾಪ್ಟನ್ ಮುಂದಿನ ಎಡ ಪರದೆ, ಸಹ ಪೈಲಟ್ ಮುಂದಿನ ಬಲ ಪರದೆ, ನಡುವಿನ ಫಲಕದಲ್ಲಿ ತುರ್ತಿಗೆಂದು ಇಟ್ಟ ಚಿಕ್ಕದೊಂದು. ಎಡ ಪರದೆಗೆ ಮಾಹಿತಿ ಕೊಡುವುದು ವಿಮಾನದ ವಾಲುವಿಕೆಯನ್ನು ಅಳೆಯುವ ಒಂದು ಪೆಟ್ಟಿಗೆ, ಅದರ ಹೆಸರು ಇನರ್ಷಿಯಲ್ ರೆಫರೆನ್ಸ್ ಯೂನಿಟ್, ಚಿಕ್ಕದಾಗಿ ಐಆರ್‌ಯು. ಬಲ ಪರದೆಗೆ ಬೇರೆಯದೇ ಐಆರ್‌ಯು. ನಡುವಿನ ಚಿಕ್ಕದು ಇವೆರಡರ ಹಂಗಿಲ್ಲದೆ ಸ್ವತಂತ್ರವಾಗಿ ಕೆಲಸ ಮಾಡುತ್ತದೆ. ಮನೆಯ ಎರಡು ಗಡಿಯಾರ ಬೇರೆ ಬೇರೆ ಸಮಯ ತೋರಿಸಿದರೆ ಮೂರನೆಯದನ್ನು ನೋಡಿ ಯಾವುದು ಸುಳ್ಳೆಂದು ತಿಳಿಯುವ ಹಾಗೆ. ಲೆಕ್ಕ ಸರಿಯಾಗಿದೆ. ಆದರೆ ಎರಡು ಗಡಿಯಾರ ಹೊಂದುತ್ತಿಲ್ಲ ಎಂಬುದು ಮೊದಲು ಯಾರಿಗಾದರೂ ಗೊತ್ತಾಗಬೇಕಲ್ಲ.

ಏನಾಯಿತು

ರಾತ್ರಿ 12 ಗಂಟೆ 19 ನಿಮಿಷ 20 ಸೆಕೆಂಡು. ವಿಮಾನ 33,000 ಅಡಿಯಲ್ಲಿ ಆಟೊಪೈಲಟ್ ಮೇಲೆ ಹಾರುತ್ತಿದೆ. ಇಬ್ಬರೂ ಟ್ರೊಮ್ಸೊದಲ್ಲಿ ಇಳಿಯುವ ಬಗೆ ಹೇಗೆಂದು ಮಾತಾಡಿಕೊಳ್ಳುತ್ತಿದ್ದಾರೆ. ಈ ಮಾತುಕತೆಯ ವೇಳೆ ಗಮನ ಮುಂದಿನ ನಿಲ್ದಾಣದ ಮೇಲಿರುತ್ತದೆ, ಈ ಕ್ಷಣದ ಹಾರಾಟದ ಮೇಲಲ್ಲ.

ಆಗ ಎಡಗಡೆಯ ಐಆರ್‌ಯು ಕೆಟ್ಟಿತು. ಕೆಟ್ಟ ಉಪಕರಣ ಸುಮ್ಮನಾಗಿ ಪರದೆ ಕಪ್ಪಾಗಿದ್ದರೆ ಇಬ್ಬರೂ ಬದುಕುತ್ತಿದ್ದರು ಎಂದೇ ನನ್ನ ನಂಬಿಕೆ. ಅದು ಸುಮ್ಮನಾಗಲಿಲ್ಲ, ಸುಳ್ಳು ಹೇಳತೊಡಗಿತು. ಕ್ಯಾಪ್ಟನ್ ಮುಂದಿನ ಪರದೆಯಲ್ಲಿ ಕಂದು ಬಣ್ಣ ಸರ್ರನೆ ಕೆಳಗೆ ಜಾರಿ ನೀಲಿ ತುಂಬಿಕೊಳ್ಳತೊಡಗಿತು. ವಿಮಾನ ಮೂಗೆತ್ತಿ ನಿಲ್ಲುತ್ತಿದೆ ಎನ್ನುವುದೇ ಅದರ ಅರ್ಥ. ಅಷ್ಟು ಎತ್ತರದಲ್ಲಿ ಮೂಗೆತ್ತಿದರೆ ವೇಗ ಕಳೆದು ವಿಮಾನ ಬೀಳುತ್ತದೆ. ಅದೇ ಕ್ಷಣದಲ್ಲಿ ಆಟೊಪೈಲಟ್ ಕಳಚಿಕೊಂಡಿತು, ಬಹುತೇಕ ತಾನಾಗಿಯೇ. ಅದರ ಎಚ್ಚರಿಕೆಯ ಸದ್ದು ಮೊಳಗಿತು. ಜೊತೆಗೆ ಒಂದು ಒಂಟಿ ಗಂಟೆಯ ಸದ್ದು, ಬಹುಶಃ ಎರಡೂ ಪರದೆಗಳು ಹೊಂದುತ್ತಿಲ್ಲ ಎಂದು ಸಾರುವುದಕ್ಕೆ. ಕ್ಯಾಪ್ಟನ್ ಬಾಯಿಂದ ಬಂದದ್ದು ಗಾಬರಿಯ ಒಂದು ಉದ್ಗಾರ.

ಅವರು ವಿಮಾನದ ಮೂಗನ್ನು ಏರಿಸಿ ಇಳಿಸುವ ಹಿಡಿಕೆಯಾದ ಕಂಟ್ರೋಲ್ ಕಾಲಮ್ಮನ್ನು ಮುಂದಕ್ಕೆ ತಳ್ಳಿದರು. ಕಣ್ಣೆದುರಿನ ಪರದೆ ನಿಜವಾಗಿದ್ದರೆ ಮಾಡಬೇಕಾದದ್ದೇ ಅದು. ಆದರೆ ವಿಮಾನ ನೆಟ್ಟಗೇ ಇತ್ತು. ಈಗ ಅದು ನಿಜವಾಗಿಯೂ ಮೂಗು ತಗ್ಗಿಸಿತು.

ಇಲ್ಲಿ ದೇಹದ ಪಾಡನ್ನೂ ನೆನೆಯಬೇಕು. ಮೂಗು ಹಾಗೆ ಜೋರಾಗಿ ಬಿದ್ದಾಗ ಗುರುತ್ವದ ಭಾರ ತಲೆಕೆಳಗಾಗುತ್ತದೆ. ಕೂತವರು ಸೀಟಿನಿಂದ ಮೇಲೆದ್ದು ಬೆಲ್ಟಿಗೆ ಜೋತು ಬೀಳುತ್ತಾರೆ, ಕಟ್ಟಿಡದ ಸಾಮಾನು ಛಾವಣಿಗೆ ಹಾರುತ್ತದೆ, ರಕ್ತ ತಲೆಗೆ ನುಗ್ಗುತ್ತದೆ. ಕಣ್ಣು ಒಂದು ಹೇಳುತ್ತಿದೆ, ಮೈ ಇನ್ನೊಂದು ಹೇಳುತ್ತಿದೆ, ಸುತ್ತ ಎಚ್ಚರಿಕೆಯ ಸದ್ದುಗಳು. ಈ ಸ್ಥಿತಿಯಲ್ಲಿ ಯೋಚಿಸಿ ತೀರ್ಮಾನಿಸುವ ಶಕ್ತಿಯೇ ಕುಗ್ಗಿರಬೇಕು ಎಂದು ತನಿಖೆಯೂ ಒಪ್ಪಿತು.

ಸಹ ಪೈಲಟ್ ಮುಂದಿನ ಪರದೆ ಸರಿಯಾಗಿಯೇ ಇತ್ತು. ಅದರಲ್ಲಿ ಕಂದು ತುಂಬಿಕೊಳ್ಳುತ್ತಿತ್ತು. ಅವರು "ಮೇಲೆ ಬಾ" ಎಂದರು.

ಘಟನೆ ಶುರುವಾದ ಸುಮಾರು 13ನೇ ಸೆಕೆಂಡಿಗೆ ಎರಡೂ ಪರದೆಗಳಲ್ಲಿ ಕೆಂಪು ಬಾಣದ ಗುರುತುಗಳು ಮೂಡಿದವು. ವಿಮಾನ ಅತಿಯಾಗಿ ವಾರೆಯಾದಾಗ ಯಾವ ಕಡೆ ತಿರುಗಿಸಿದರೆ ದಿಗಂತ ಸಿಗುತ್ತದೆ ಎಂದು ತೋರಿಸಲು ಇರುವ ಗುರುತುಗಳು ಅವು. ಎಡ ಪರದೆಯ ಬಾಣ 'ಕೆಳಗೆ' ಎಂದಿತು. ಬಲ ಪರದೆಯದು 'ಮೇಲೆ' ಎಂದಿತು. 17ನೇ ಸೆಕೆಂಡಿಗೆ ವೇಗ ವಿಮಾನದ ಮಿತಿ ಮೀರಿತು, ಅತಿವೇಗದ ಎಚ್ಚರಿಕೆಯೂ ಸೇರಿಕೊಂಡಿತು. ವಿಮಾನ ಪಕ್ಕಕ್ಕೆ ವಾಲುತ್ತಿದೆ ಎಂಬ ಎಚ್ಚರಿಕೆ ಬೇರೆ ಕೂಗುತ್ತಿತ್ತು.

ಪಾರಾಗಲು ಮಾಡಿದ್ದು

ಇಬ್ಬರೂ ಕೈಚೆಲ್ಲಿ ಕೂರಲಿಲ್ಲ. ಕೊನೆಯವರೆಗೂ ಹೋರಾಡಿದರು. ಎಂಜಿನ್‌ಗಳ ಶಕ್ತಿಯನ್ನು ಪೂರ್ತಿ ತಗ್ಗಿಸಿದರು. ಅಪಾಯದಲ್ಲಿದ್ದೇವೆ ಎಂದು ಸಾರುವ 'ಮೇಡೇ' ಕರೆ ಕಳಿಸಿದರು, ನೆಲದ ಮೇಲಿನ ವಿಮಾನ ಸಂಚಾರ ನಿಯಂತ್ರಣ ಕೇಂದ್ರ ಅದನ್ನು ಸ್ವೀಕರಿಸಿತು. ಮೇಲೇರಬೇಕು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಸಹಾಯ ಮಾಡು ಎಂಬ ಕೂಗೂ ದಾಖಲಾಗಿದೆ. ಉಳಿದ ಮಾತೆಲ್ಲ ಹೆಚ್ಚಾಗಿ ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಎಂಬುದರ ಬಗ್ಗೆ, ಅದೂ ಒಬ್ಬರ ಮಾತಿಗೆ ಇನ್ನೊಬ್ಬರದು ಹೊಂದದೆ.

ಕೊನೆಗೆ ದಾಖಲಾದ ವೇಗ 508 ನಾಟ್, ಗಂಟೆಗೆ ಸುಮಾರು 940 ಕಿಲೋಮೀಟರ್.

ತನಿಖೆ ಕಂಡದ್ದು

ಸ್ವೀಡನ್ನಿನ ಅಪಘಾತ ತನಿಖಾ ಪ್ರಾಧಿಕಾರದ ಮುಂದೆ ಮೊದಲು ಇದ್ದದ್ದು ಹಿಮದಲ್ಲೊಂದು ಹೊಂಡ ಮತ್ತು ಚೂರುಗಳು. ಗಾಳಿಯಲ್ಲೇ ವಿಮಾನ ಮುರಿದಿತ್ತು ಎನ್ನುವ ಗುರುತು ಯಾವುದೂ ಸಿಗಲಿಲ್ಲ. ಎರಡೂ ಬ್ಲ್ಯಾಕ್ ಬಾಕ್ಸ್‌ಗಳು ಜಖಂ ಆಗಿದ್ದರೂ ಒಳಗಿನ ಮಾಹಿತಿ ಉಳಿದಿತ್ತು. ಅದನ್ನು ಓದಿದಾಗ ಒಂದು ವಿಚಿತ್ರ ಎದುರಾಯಿತು. ದಾಖಲೆಯ ಪ್ರಕಾರ ವಿಮಾನದ ಮೂಗು ಮೇಲಿದೆ, ಆದರೆ ಎತ್ತರ ಸರಸರನೆ ಇಳಿಯುತ್ತಿದೆ, ವೇಗ ಏರುತ್ತಿದೆ. ಎರಡೂ ಏಕಕಾಲಕ್ಕೆ ನಿಜವಾಗಲಾರವು. ರೆಕಾರ್ಡರ್‌ಗೆ ಮೂಗಿನ ಕೋನ ಹೋಗುತ್ತಿದ್ದದ್ದು ಅದೇ ಕೆಟ್ಟ ಐಆರ್‌ಯುವಿನಿಂದ. ಕ್ಯಾಪ್ಟನ್‌ಗೆ ಹೇಳಿದ ಸುಳ್ಳನ್ನೇ ಅದು ಬ್ಲ್ಯಾಕ್ ಬಾಕ್ಸ್‌ಗೂ ಹೇಳಿತ್ತು. ಉಳಿದ ಅಂಕಿಗಳಿಂದ ನಿಜವಾದ ಕೋನವನ್ನು ಲೆಕ್ಕ ಹಾಕಿ, ಸಿಮ್ಯುಲೇಶನ್‌ನಲ್ಲಿ ಮರುಸೃಷ್ಟಿಸಿ ನೋಡಿದಾಗ ವಿಮಾನದ ನಿಯಂತ್ರಣ ವ್ಯವಸ್ಥೆ ಪೂರ್ತಿ ಸರಿಯಾಗಿತ್ತೆಂದು ಗೊತ್ತಾಯಿತು. ಪೈಲಟ್ ಎಳೆದಂತೆ, ತಳ್ಳಿದಂತೆ ಅದು ನಡೆದುಕೊಂಡಿತ್ತು.

ಇನ್ನೊಂದು ಸಂಗತಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಎಡ ಮತ್ತು ಬಲ ಪರದೆಗಳು ಹೊಂದದಿದ್ದರೆ ಎರಡರಲ್ಲೂ ಹಳದಿ ಅಕ್ಷರದ ಎಚ್ಚರಿಕೆ ಮೂಡಬೇಕು, ಅಂಥ ವ್ಯವಸ್ಥೆ ಈ ವಿಮಾನದಲ್ಲಿತ್ತು. ಆದರೆ ವಿಮಾನ ಅತಿ ವಾರೆಯಾಗಿದೆ ಎಂದು ಪರದೆಗೆ ತೋರಿದರೆ ಅದು ತನ್ನ ಮೇಲಿನ ಹೆಚ್ಚುವರಿ ಗುರುತುಗಳನ್ನೆಲ್ಲ ತಾನೇ ಅಳಿಸಿಕೊಳ್ಳುತ್ತದೆ. ಗಾಬರಿಯಲ್ಲಿರುವ ಪೈಲಟ್‌ಗೆ ದಿಗಂತ ಸ್ಪಷ್ಟವಾಗಿ ಕಾಣಲಿ ಎಂಬ ಒಳ್ಳೆಯ ಉದ್ದೇಶದಿಂದ ಮಾಡಿದ ವಿನ್ಯಾಸವಿದು. ಹಾಗೆ ಅಳಿಸಿಹೋಗುವ ಗುರುತುಗಳಲ್ಲಿ ಆ ಹಳದಿ ಎಚ್ಚರಿಕೆಯೂ ಸೇರಿತ್ತು. ಎಡ ಪರದೆ ಸುಳ್ಳು ವಾರೆಯನ್ನು ಕಂಡು ಅಳಿಸಿತು. ಬಲ ಪರದೆ ನಿಜವಾದ ವಾರೆಯನ್ನು ಕಂಡು ಅಳಿಸಿತು. 'ಇಬ್ಬರಲ್ಲಿ ಒಬ್ಬರ ಪರದೆ ಸುಳ್ಳು' ಎಂಬ ಮಾಹಿತಿ ಅತಿ ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲಿ ಎರಡೂ ಕಡೆಯಿಂದ ಮಾಯವಾಯಿತು.

ಇವರು ತರಬೇತಿ ಪಡೆದಿದ್ದ ಸಿಮ್ಯುಲೇಟರಿನಲ್ಲಿ, ಅಂದರೆ ಹಾರಾಟವನ್ನು ಅನುಕರಿಸುವ ನೆಲದ ಮೇಲಿನ ಯಂತ್ರದಲ್ಲಿ, ಹೀಗಾಗುತ್ತಿರಲಿಲ್ಲ! ಅಲ್ಲಿ ವಿಮಾನ ಎಷ್ಟು ವಾರೆಯಾದರೂ ಎಚ್ಚರಿಕೆ ಪರದೆಯ ಮೇಲೇ ಉಳಿಯುತ್ತಿತ್ತು. ಅಲ್ಲಿ ಅಭ್ಯಾಸ ಮಾಡಿದವರು ಎಚ್ಚರಿಕೆ ಕಾಣದಿದ್ದಾಗ ಎರಡೂ ಪರದೆ ಹೊಂದುತ್ತಿವೆ ಎಂದುಕೊಂಡರೆ ಅದನ್ನು ಅವರ ತಪ್ಪೆನ್ನಲು ಸಾಧ್ಯವೇ?

ತಿರುವುಗಳು

ಈ 80 ಸೆಕೆಂಡಿನಲ್ಲಿ ತೀರ್ಮಾನಕ್ಕೆ ಎಡೆಯಿದ್ದ ಜಾಗಗಳು ಕೆಲವೇ. ಕೂತಲ್ಲಿಂದ ವಿಮರ್ಶೆ ಮಾಡುವ ನಮಗೆ ಸಮಯ ಧಾರಾಳವಾಗಿದೆ, ಅವರಿಗೆ ಇರಲಿಲ್ಲ. ಅದನ್ನು ನೆನಪಿಟ್ಟುಕೊಂಡೇ ನೋಡೋಣ.

ಮೊದಲನೆಯದು ಮೊದಲ ಒಂದೆರಡು ಸೆಕೆಂಡು. ಮೂಗು ನಿಜವಾಗಿ ಅಷ್ಟು ಬೇಗ ಮೇಲೆದ್ದಿದ್ದರೆ ಮೈ ಸೀಟಿಗೆ ಒತ್ತಬೇಕಿತ್ತು, ಎತ್ತರದ ಅಂಕಿ ಏರಬೇಕಿತ್ತು, ವೇಗದ ಅಂಕಿ ಇಳಿಯಬೇಕಿತ್ತು. ಇವು ಯಾವುವೂ ಆಗಿರಲಿಲ್ಲ. ಎತ್ತರ, ವೇಗಗಳ ಮಾಹಿತಿ ಬೇರೆ ಮೂಲದಿಂದ ಬರುತ್ತಿದ್ದು ಅವು ಸರಿಯಾಗಿದ್ದವು. ಬೇರೆ ಅಂಕಿಗಳನ್ನು ಒಮ್ಮೆ ನೋಡಿ ಆಮೇಲೆ ಕೈ ಚಲಾಯಿಸು ಎಂಬ ಪಾಠ ಪ್ರತಿ ಪೈಲಟ್‌ಗೂ ಗೊತ್ತು. ಆದರೆ ಆ ಪಾಠವನ್ನು ನೆಚ್ಚಿಕೊಂಡು ಈ ಪ್ರಕರಣವನ್ನು ಮುಚ್ಚಿಬಿಟ್ಟರೆ ಅನ್ಯಾಯವಾಗುತ್ತದೆ. ಕಣ್ಣಿನ ಮುಂದೆ ದಿಗಂತವೇ ಜಾರಿಬಿದ್ದಾಗ ಕೈ ಮನಸ್ಸಿಗಿಂತ ಮೊದಲೇ ಓಡುತ್ತದೆ.

ಎರಡನೆಯ ತಿರುವು 'ಮೇಲೆ ಬಾ' ಎಂಬ ಮಾತು. ಇಡೀ ಪ್ರಕರಣದ ಗಂಟು ಇಲ್ಲಿದೆ ಎಂದು ನನಗೆ ತೋರುತ್ತದೆ. ಸಹ ಪೈಲಟ್ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಕ್ಯಾಪ್ಟನ್ ಕಾಣುತ್ತಿದ್ದ ಪರದೆಯ ಪ್ರಕಾರ ವಿಮಾನ ಆಗಲೇ ಮೂಗೆತ್ತಿ ನಿಂತಿದೆ. ಅಂಥವರಿಗೆ 'ಮೇಲೆ ಬಾ' ಎಂದರೆ ಸಾವಿನ ಬಾಯಿಗೆ ಹೋಗು ಎಂದ ಹಾಗೆ ಕೇಳಿಸುತ್ತದೆ. ಆ ಮಾತಿನಲ್ಲಿ ಏನು ಮಾಡಬೇಕೆಂಬುದಿದೆ, ಯಾವುದನ್ನು ನೋಡಿ ಹಾಗೆ ಹೇಳುತ್ತಿದ್ದೇನೆ ಎಂಬುದಿಲ್ಲ. 'ನನ್ನ ಪರದೆಯಲ್ಲಿ ಮೂಗು ಕೆಳಗಿದೆ, ನಿಮ್ಮದರಲ್ಲಿ?' ಎಂದಿದ್ದರೆ ಇಬ್ಬರಿಗೂ ಎರಡು ಆಕಾಶ ಕಾಣುತ್ತಿದೆ ಎಂಬುದು ಬಯಲಾಗುತ್ತಿತ್ತು. ಅಲ್ಲಿಂದ ನಡುವಿನ ಮೂರನೇ ಉಪಕರಣದತ್ತ ಕಣ್ಣು ಹೊರಳಲು ಒಂದೇ ಹೆಜ್ಜೆ. ಎಡಕ್ಕೋ ಬಲಕ್ಕೋ ಎಂದು ಆಮೇಲೆ ನಡೆದ ಮಾತಿನಲ್ಲೂ ಇದೇ ಕೊರತೆ. ಇಬ್ಬರೂ ತಂತಮ್ಮ ಉತ್ತರ ಕೂಗುತ್ತಿದ್ದರು, ತಾವು ಕಂಡದ್ದನ್ನು ಹೇಳುತ್ತಿರಲಿಲ್ಲ. ಸಹಾಯ ಬೇಕೆಂಬ ಕೂಗಿಗೆ ಸಹಾಯ ಸಿಗಲಿಲ್ಲ, ಯಾಕೆಂದರೆ ಯಾವ ಸಹಾಯ ಬೇಕೆಂದು ಕೇಳಿದವರಿಗೂ ತಿಳಿದಿರಲಿಲ್ಲ, ಕೊಡಬೇಕಾದವರಿಗೂ ತಿಳಿದಿರಲಿಲ್ಲ.

ಇದನ್ನು ಅವರ ವೈಯಕ್ತಿಕ ದೋಷವೆಂದು ನಾನು ಬರೆಯುತ್ತಿಲ್ಲ. ಇಂಥ ಗಳಿಗೆಯಲ್ಲಿ ನಾಲಿಗೆಗೆ ತಾನಾಗಿ ಬರುವುದು ಆಜ್ಞೆಯೇ. ವಿವರಣೆ ಬರಬೇಕಾದರೆ ಮೊದಲೇ ಬಾಯಿಪಾಠವಾಗಿರಬೇಕು. ಎಂಜಿನ್ ಬೆಂಕಿಗೆ, ಗಾಳಿಯ ಒತ್ತಡ ಕಳೆದುಹೋಗುವುದಕ್ಕೆ ಹೇಳಬೇಕಾದ ಮಾತುಗಳು ಗೊತ್ತಿರುತ್ತವೆ. 'ಏನಾಗುತ್ತಿದೆ ಎಂದೇ ತಿಳಿಯುತ್ತಿಲ್ಲ' ಎಂಬ ಸ್ಥಿತಿಗೆ ಅಂಥ ಸಿದ್ಧ ಮಾತು ಇರಲಿಲ್ಲ.

ಮೂರನೆಯ ತಿರುವು 13ನೇ ಸೆಕೆಂಡು, ಬಾಣಗಳು ಎದುರುಬದುರಾದದ್ದು. ಅಷ್ಟು ಹೊತ್ತಿಗೆ ಹಳದಿ ಎಚ್ಚರಿಕೆ ಅಳಿಸಿಹೋಗಿತ್ತು, ದೇಹಗಳು ಬೆಲ್ಟಿನಲ್ಲಿ ತೂಗುತ್ತಿದ್ದವು. ಆಮೇಲೆ ದಾರಿ ಇಕ್ಕಟ್ಟಾಗುತ್ತಲೇ ಹೋಯಿತು.

ಇದೇ ದೋಷ, ಬೇರೆ ರಾತ್ರಿಗಳು

ನಮ್ಮಲ್ಲಿ ಹಿರಿಯರಿಗೆ 1978ರ ಜನವರಿ 1 ನೆನಪಿರಬಹುದು. ಬಾಂಬೆಯಿಂದ ದುಬೈಗೆ ಹೊರಟ 'ಎಂಪರರ್ ಅಶೋಕ' ಎಂಬ ಬೋಯಿಂಗ್ 747 ಹಾರಿದ ಎರಡು ನಿಮಿಷದೊಳಗೆ ಬಾಂದ್ರಾ ತೀರದಾಚೆ ಕಡಲಿಗೆ ಬಿತ್ತು. 213 ಮಂದಿ ಸತ್ತರು. ಮೊದಲು ಎಲ್ಲರೂ ವಿಧ್ವಂಸಕ ಕೃತ್ಯವೆಂದೇ ಶಂಕಿಸಿದರು. ಆಗಿದ್ದೇ ಬೇರೆ. ಕ್ಯಾಪ್ಟನ್ ಮುಂದಿನ ಉಪಕರಣ ಕೆಟ್ಟು, ವಿಮಾನ ಬಲಕ್ಕೆ ವಾಲಿದೆಯೆಂದು ತೋರಿಸಿತು. ಅವರು ಎಡಕ್ಕೆ ತಿರುಗಿಸಿದರು. ಕೆಳಗೆ ಕತ್ತಲ ಕಡಲು, ನೋಡಲು ದಿಗಂತವಿಲ್ಲ. ಮೂರನೆಯವರಾಗಿದ್ದ ಫ್ಲೈಟ್ ಎಂಜಿನಿಯರ್ 'ಅದನ್ನು ನಂಬಬೇಡಿ' ಎಂದು ಕೂಗಿದ್ದೂ ದಾಖಲಾಗಿದೆ. ಆ ಮಾತು ಬರುವ ಹೊತ್ತಿಗೆ ಸಮಯ ಮೀರಿತ್ತು. ಆದರೂ ಕಂಡದ್ದನ್ನು ಹೆಸರಿಟ್ಟು ಹೇಳಿದ ಮಾತು ಅದು. ಈಗಿನ ಇಬ್ಬರೇ ಪೈಲಟ್‌ಗಳ ವಿಮಾನದಲ್ಲಿ ಆ ಮೂರನೇ ಕಣ್ಣೂ ಇಲ್ಲ.

1999ರ ಡಿಸೆಂಬರ್ 22ರಂದು ಇಂಗ್ಲೆಂಡಿನ ಸ್ಟಾನ್‌ಸ್ಟೆಡ್‌ನಿಂದ ರಾತ್ರಿ ಮೇಲೆದ್ದ ಸರಕಿನ ಬೋಯಿಂಗ್ 747 ಕೂಡ ಹೀಗೇ ಹೋಯಿತು, ನಾಲ್ವರು ಸತ್ತರು. ಅದೇ ವಿಮಾನದಲ್ಲಿ, ಅದರ ಹಿಂದಿನ ಹಾರಾಟದಲ್ಲಿ ತಾಷ್ಕೆಂಟ್ ಬಿಟ್ಟ ಮೇಲೆ ಅದೇ ದೋಷ ಕಾಣಿಸಿಕೊಂಡಿತ್ತು. ಆಗ ಹಗಲು. ಹೊರಗೆ ದಿಗಂತ ಕಾಣುತ್ತಿತ್ತು. ಪರದೆಗಳು ಹೊಂದುತ್ತಿಲ್ಲವೆಂಬ ಎಚ್ಚರಿಕೆ ಕೇಳಿ ಯಾವ ಉಪಕರಣ ಸುಳ್ಳೆಂದು ಆ ತಂಡ ಕಂಡುಕೊಂಡಿತು, ವಿಮಾನ ಸುರಕ್ಷಿತವಾಗಿ ಇಳಿಯಿತು. ರಾತ್ರಿ ಅದೇ ವಿಮಾನ ಹಾರಿದಾಗ ಫ್ಲೈಟ್ ಎಂಜಿನಿಯರ್ ವಾಲುತ್ತಿದೆ ಎಂದು ಎಚ್ಚರಿಸಿದರೂ ಕ್ಯಾಪ್ಟನ್ ಕೈ ಬದಲಾಗಲಿಲ್ಲ, ಸಹ ಪೈಲಟ್ ತನ್ನ ಪರದೆ ಏನು ತೋರಿಸುತ್ತಿದೆಯೆಂದು ಬಾಯಿಬಿಡಲಿಲ್ಲ. ಕೆಟ್ಟ ಉಪಕರಣವೊಂದೇ ಮನುಷ್ಯರನ್ನು ಕೊಲ್ಲುತ್ತದೆ ಎನ್ನುವುದಾದರೆ ತಾಷ್ಕೆಂಟ್‌ನಿಂದ ಬಂದವರೂ ಬದುಕಬಾರದಿತ್ತು.

ಕೊನೆಗೆ ಹೊರಬಂದದ್ದು

2016ರ ಡಿಸೆಂಬರಿನಲ್ಲಿ ಬಂದ ಅಂತಿಮ ವರದಿ ಕಾರಣವನ್ನು ಐಆರ್‌ಯು ಮೇಲೂ ಹೊರಿಸಲಿಲ್ಲ, ಪೈಲಟ್‌ಗಳ ಮೇಲೂ ಹೊರಿಸಲಿಲ್ಲ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಜೋಡಿಸಿದ ವ್ಯವಸ್ಥೆಯಲ್ಲಿ ಒಂದು ಭಾಗ ಕೆಟ್ಟಾಗ ನಿಭಾಯಿಸುವುದಕ್ಕೆ ಬೇಕಾದ ಸಿದ್ಧತೆ ಹಾರಾಟದ ವ್ಯವಸ್ಥೆಯಲ್ಲೇ ಸಾಲದಾಗಿತ್ತು ಎಂಬುದು ಅದರ ತೀರ್ಮಾನ. ವರದಿ ಓದಿದಾಗ ನನಗೆ ಗೌರವ ಮೂಡಿದ್ದು ಈ ಸಾಲಿಗೆ. ಸತ್ತವರ ಮೇಲೆ ಹೊರೆ ಹಾಕಿ ಕಡತ ಮುಚ್ಚುವುದು ಸುಲಭವಿತ್ತು.

ಶಿಫಾರಸುಗಳಲ್ಲಿ ಎರಡು ಮುಖ್ಯವಾದವು. ಯುರೋಪ್, ಕೆನಡಾ ಮತ್ತು ಅಮೆರಿಕದ ನಿಯಂತ್ರಕರಿಗೆ ಹೇಳಿದ್ದು ಪರದೆಯ ಬಗ್ಗೆ: ವಿಮಾನ ವಾರೆಯಾದಾಗ ಮುಖ್ಯವಾದ ಎಚ್ಚರಿಕೆಗಳು ಅಳಿಸಿಹೋಗದಂತೆ ವಿನ್ಯಾಸದ ನಿಯಮ ಬದಲಾಗಲಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ಹೇಳಿದ್ದು ಮಾತಿನ ಬಗ್ಗೆ: ಅನಿರೀಕ್ಷಿತವಾದದ್ದು ಎದುರಾದ ಮೊದಲ ಕ್ಷಣದಲ್ಲಿ ಪೈಲಟ್‌ಗಳು ಹೇಳಬೇಕಾದ ನಿಗದಿತ ಮಾತುಗಳ ಪದ್ಧತಿ ಎಲ್ಲ ವಾಣಿಜ್ಯ ಹಾರಾಟಕ್ಕೂ ಬರಲಿ.

ನನಗೆ ಎರಡನೆಯದೇ ಹೆಚ್ಚು ತುರ್ತಿನದಾಗಿ ಕಾಣುತ್ತದೆ. ಪರದೆಯ ವಿನ್ಯಾಸ ಬದಲಾಗಲು ವರ್ಷಗಳು ಬೇಕು, ಹಳೆಯ ವಿಮಾನಗಳು ಆಗಲೂ ಹಾರುತ್ತಿರುತ್ತವೆ. ನಿಗದಿತ ಮಾತಿಗೆ ಹೊಸ ಯಂತ್ರ ಬೇಡ. ಕೈಪಿಡಿಯಲ್ಲಿ ಒಂದು ಪುಟ, ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ಅಭ್ಯಾಸ, ಅದೂ ಎಚ್ಚರಿಕೆಯ ಅಕ್ಷರಗಳನ್ನು ಪರದೆಯಿಂದ ಅಳಿಸಿಟ್ಟು ಮಾಡುವ ಅಭ್ಯಾಸ. 'ನನ್ನದರಲ್ಲಿ ಮೂಗು ಮೇಲಿದೆ.' 'ನನ್ನದರಲ್ಲಿ ಕೆಳಗಿದೆ.' 'ನಡುವಿನದು?' 'ಕೆಳಗಿದೆ.' 'ವಿಮಾನ ನಿಮ್ಮ ಕೈಗೆ.' ಇಷ್ಟನ್ನು ಜೋರಾಗಿ ಓದಿ ನೋಡಿ, ಎಂಟು ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಸರಿಯಾದ ಪರದೆ ಯಾರ ಮುಂದಿದೆಯೋ ಅವರಿಗೆ ವಿಮಾನ ಒಪ್ಪಿಸುವ ಆ ಕೊನೆಯ ಮಾತನ್ನು ಹೇಳಬೇಕಾದವರು ಕ್ಯಾಪ್ಟನ್. ಆದ್ದರಿಂದ ಅಭ್ಯಾಸವೂ ಅವರಿಂದಲೇ ಶುರುವಾಗಬೇಕು.